ಹತ್ತು ಸಾವಿರ ಸಸಿಗೆ ಎಷ್ಟು ಟ್ರೇ?

2023ರ ಜುಲೈ ಯಾರು ಮರೆತರೂ ಕೋಲಾರದವರು ಮರೆಯುವುದಿಲ್ಲ. ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ತಿಂಗಳು ನಮ್ಮ ಸೋದರಮಾವನ ಫೋನು ಒಂದು ನಿಮಿಷ ಸುಮ್ಮನೆ ಇರಲಿಲ್ಲ. ಮಾವನದು ನರ್ಸರಿ, ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ. ಬೀಜ ಹಾಕಿ ಸಸಿ ಮಾಡಿ ರೈತರಿಗೆ ಕೊಡುವುದು ಅವರ ಕಸುಬು. ಬೆಲೆ ಏರಿದ್ದೇ ತಡ, ಎಲ್ಲರಿಗೂ ಟೊಮೆಟೊ ಹಾಕುವ ಆಸೆ, ಎಲ್ಲರಿಗೂ ಸಸಿ ನಾಳೆಯೇ ಬೇಕು. ಮಾವ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡರು, ಅತ್ತೆ ಇನ್ನೊಂದರಲ್ಲಿ ಬರೆದುಕೊಂಡರು, ಶೇಡ್‌ನೆಟ್, ಅಂದರೆ ಸಸಿಗೆ ನೆರಳು ಕೊಡುವ ಬಲೆಯ ಚಪ್ಪರ, ನೋಡಿಕೊಳ್ಳುವ ಹುಡುಗ ಕ್ಯಾಲೆಂಡರ್ ಹಿಂದೆ ಬರೆದುಕೊಂಡ. ಕೊನೆಗೆ ಒಂದೇ ಸಾಲಿನ ಸಸಿ ಮೂವರಿಗೆ ಬುಕ್ ಆಗಿ, ಮೂವರೂ ಒಂದೇ ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿದರು. ಆವತ್ತಿನ ಜಗಳ ಬರೆಯುವಂಥದ್ದಲ್ಲ ಬಿಡಿ.

ಆ ಸಂಜೆಯೇ ಮಾವ ನನ್ನನ್ನು ಕೂರಿಸಿಕೊಂಡು, "ಹನ್ನೆರಡು ವರ್ಷ ಬೆಂಗ್ಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿದ್ಯಲ್ಲಮ್ಮಾ, ನಂಗೊಂದು ಆ್ಯಪ್ ಮಾಡಿಸ್ಕೊಡು" ಅಂದರು.

ಮಾಡಿಕೊಡು ಅನ್ನಲಿಲ್ಲ. ಮಾಡಿಸಿಕೊಡು ಅಂದರು. ನಡುವೆ ಇರುವುದು ಒಂದೇ ಒಂದು 'ಸಿ'. ಆ 'ಸಿ' ನನ್ನ ಎರಡು ವರ್ಷ ತಿಂದಿತು. ಅದರಲ್ಲಿ ಕಲಿತದ್ದನ್ನು ಬರೆದಿಡೋಣ ಅಂತ ಕೂತಿದ್ದೇನೆ. ಯಾಕಂದ್ರೆ ನಮ್ಮ ಕಡೆ ಈಗ ಚಿಟ್ ಫಂಡ್‌ನವರು, ಸ್ಕೂಲಿನವರು, ರೇಷ್ಮೆ ನೂಲು ಬಿಚ್ಚುವವರು ಎಲ್ಲರೂ ಹೊರಗಿನವರಿಗೆ ಕೊಟ್ಟು ಆ್ಯಪ್ ಮಾಡಿಸುತ್ತಿದ್ದಾರೆ, ಅರ್ಧ ಜನ ದುಡ್ಡು ಕಳೆದುಕೊಂಡು ನನಗೆ ಫೋನ್ ಮಾಡುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಷ್ಟೂ ವರ್ಷ ಇದ್ದದ್ದು ಮಾಡುವವರ ಕಡೆ, ಮಾಡಿಸುವವರ ಕಡೆ ಅಲ್ಲ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವ ನೂರಾರು ಜನರಲ್ಲಿ ನಾನೂ ಒಬ್ಬಳು. ಅಮೆರಿಕದ ಒಂದು ಕಂಪನಿಯ ಗೋಡೌನ್‌ಗೆ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೆ. ಆ ಗೋಡೌನ್ ನಾನು ಕಣ್ಣಲ್ಲಿ ನೋಡಿಲ್ಲ, ಫೋಟೋದಲ್ಲೂ ನೋಡಿಲ್ಲ. ರಾತ್ರಿ ಒಂಬತ್ತೂವರೆಗೆ ಕಾಲ್. ಮಾರ್ಚ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಟರೆ ನಮಗೆ ಕಾಲ್ ಎಂಟೂವರೆಗೆ ಬರುತ್ತಿತ್ತು, ನವೆಂಬರ್‌ನಲ್ಲಿ ಮತ್ತೆ ಒಂಬತ್ತೂವರೆಗೆ. ನಮ್ಮ ಗಡಿಯಾರ ಇದ್ದಲ್ಲೇ ಇರುತ್ತದಲ್ಲ, ಹಾಗಾಗಿ ನಮ್ಮ ಊಟದ ಹೊತ್ತು ಅವರ ಗಡಿಯಾರದ ಪ್ರಕಾರ ಹಿಂದೆ ಮುಂದೆ ಆಗುತ್ತಿತ್ತು. ಅವರು ಏನಾದರೂ ವಿವರಿಸಿ "ಅರ್ಥ ಆಯ್ತಾ" ಅಂತ ಕೇಳಿದರೆ ನಾವು "ಯೆಸ್" ಅನ್ನುತ್ತಿದ್ದೆವು. ಆ ಯೆಸ್‌ಗೆ ಅರ್ಥ ಆಯ್ತು ಅಂತ ಅರ್ಥ ಅಲ್ಲ. ಕೇಳಿಸ್ತು ಅಂತ ಅಷ್ಟೇ. ನಮ್ಮ ಕಡೆ ಯಾರಾದರೂ ಹಿರಿಯರು ಮಾತಾಡುವಾಗ "ಹೂಂ, ಹೂಂ" ಅನ್ನುತ್ತೇವಲ್ಲ, ಅದೇ ಹೂಂ.

ಇಷ್ಟೆಲ್ಲ ಗೊತ್ತಿದ್ದೂ, ಮಾಡಿಸುವ ಕುರ್ಚಿಯಲ್ಲಿ ಕೂತ ಮೊದಲ ದಿನವೇ ನಾನು ಎಡವಿದೆ. ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಕೊಟ್ಟೆವು. ಹೆಸರು ಬೇಡ. ಮೂರು ಕಡೆ ರೇಟ್ ಕೇಳಿದ್ದೆವು, ಒಬ್ಬರು ಮೂರು ಲಕ್ಷ ಅಂದರು, ಇನ್ನೊಬ್ಬರು ಏಳು, ಮತ್ತೊಬ್ಬರು ಹದಿನಾರು. ಒಂದೇ ಕೆಲಸಕ್ಕೆ ಐದು ಪಟ್ಟು ವ್ಯತ್ಯಾಸ ಬಂದರೆ ಅದರ ಅರ್ಥ ಏನು? ಮೂವರಿಗೂ ಅದು ಒಂದೇ ಕೆಲಸ ಅಂತ ಅನಿಸಿಲ್ಲ ಅಂತ. ಅಂದರೆ ನಾನು ಬರೆದುಕೊಟ್ಟ ಕಾಗದ ಸರಿ ಇಲ್ಲ ಅಂತ. ಆಗ ಹಾಗೆ ಯೋಚಿಸಲಿಲ್ಲ. ಮಾವ ಮೂರು ಲಕ್ಷದವರನ್ನು ತೋರಿಸಿ "ಇವ್ರೇ ಒಳ್ಳೆಯವ್ರು" ಅಂದರು, ನಾನೂ ತಲೆ ಆಡಿಸಿದೆ.

ಆ ಕಾಗದ 43 ಪುಟ ಇತ್ತು. ಬರೆದವಳು ನಾನೇ. ಲಾಗಿನ್ ಹೇಗಿರಬೇಕು, ಪಾಸ್‌ವರ್ಡ್ ಮರೆತರೆ ಏನು, ಯಾವ ಬಟನ್ ಯಾವ ಬಣ್ಣ, ಎಲ್ಲ ಇತ್ತು. ಒಂದು ಟ್ರೇಯಲ್ಲಿ ಎಷ್ಟು ಗುಳಿ ಅಂತ ಇರಲಿಲ್ಲ.

ನರ್ಸರಿ ನೋಡದವರಿಗೆ ಹೇಳಬೇಕು. ಸಸಿ ಬೆಳೆಸುವುದು ಪ್ರೋಟ್ರೇ ಅನ್ನುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅದರ ಗುಳಿಗಳಿಗೆ ಕೋಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ತುಂಬಿ ಗುಳಿಗೊಂದು ಬೀಜ ಹಾಕುತ್ತಾರೆ. ಟೊಮೆಟೊ ಆದರೆ ಹೆಚ್ಚುಕಮ್ಮಿ 25 ದಿನಕ್ಕೆ ನಾಟಿಗೆ ಬರುತ್ತದೆ. ಮಾವ ಬಳಸುವ ಟ್ರೇಯಲ್ಲಿ 98 ಗುಳಿ. ನೂರಲ್ಲ, ತೊಂಬತ್ತೆಂಟು. ಕಂಪನಿಯ ಹುಡುಗರು ಮೊದಲು ನೂರು ಅಂದುಕೊಂಡಿದ್ದರು, ಆಮೇಲೆ ತಿದ್ದಿದರು. ತಿದ್ದಿದ ಮೇಲೆ ಮಾವ ಹತ್ತು ಸಾವಿರ ಸಸಿ ಅಂತ ಒತ್ತಿದರೆ ಆ್ಯಪ್ "102.04 ಟ್ರೇ" ಅಂತ ತೋರಿಸಿತು. ಮಾವ ಕನ್ನಡಕ ಏರಿಸಿ ನೋಡಿದರು. "ಏನಮ್ಮಾ ಇದು, ಟ್ರೇನ ಗರಗಸದಲ್ಲಿ ಕೊಯ್ದು ಕೊಡ್ಲಾ?"

ಅದನ್ನು ಹೇಳಿದ ಮೇಲೆ ಅವರು ಪಾಯಿಂಟ್ ನಂತರದ್ದನ್ನು ತೆಗೆದು 102 ಮಾಡಿದರು. 102 ಟ್ರೇ ಅಂದರೆ 9,996 ಸಸಿ. ನಾಲ್ಕು ಸಸಿ ಕಮ್ಮಿ. ಮತ್ತೆ ಹೇಳಿದೆ, 103 ಮಾಡಿದರು. ಸರಿ ಆಯ್ತು ಅಂತ ಮಾವನಿಗೆ ತೋರಿಸಿದರೆ ಅವರು ಇಲ್ಲಮ್ಮ, 105 ಅಂದರು. ಯಾಕೆ? ಎಲ್ಲ ಬೀಜವೂ ಮೊಳೆಯುವುದಿಲ್ಲ, ಮೊಳೆತದ್ದೆಲ್ಲ ಗಾಡಿಯಲ್ಲಿ ಹೋಗುವವರೆಗೆ ನಿಲ್ಲುವುದಿಲ್ಲ, ಅದಕ್ಕೇ ಎರಡು ಟ್ರೇ ಜಾಸ್ತಿ. ಮೂವತ್ತು ವರ್ಷದಿಂದ ಹಾಗೇ ಕೊಡುತ್ತಿದ್ದಾರೆ. ಯಾವ ನೋಟ್‌ಬುಕ್‌ನಲ್ಲೂ ಬರೆದಿಲ್ಲ, ನನಗೂ ಯಾವತ್ತೂ ಹೇಳಿಲ್ಲ. ಕೇಳಿದ್ದಕ್ಕೆ "ಅದು ಎಲ್ರಿಗೂ ಗೊತ್ತಿರೋದೇ ಅಲ್ವಾ" ಅಂದರು. ಒಂದು ಲೆಕ್ಕಕ್ಕೆ ನಾಲ್ಕು ಸಲ ತಿದ್ದುಪಡಿ, ಒಂದು ತಿಂಗಳು. ಇದರಲ್ಲಿ ಕಂಪನಿಯವರದ್ದು ಎಷ್ಟು ತಪ್ಪು, ನಮ್ಮದು ಎಷ್ಟು ಅಂತ ಲೆಕ್ಕ ಹಾಕಿದರೆ ನನ್ನ ಮುಖವೇ ಕೆಂಪಾಗುತ್ತದೆ.

ಹಾಗಂತ ಅವರದ್ದೇನೂ ಇರಲಿಲ್ಲ ಅಂತಲ್ಲ. ಪ್ರತಿ ಶುಕ್ರವಾರ ಒಂದು ಮೇಲ್ ಬರುತ್ತಿತ್ತು, "ಶೇಕಡಾ 90 ಮುಗಿದಿದೆ". ಅಕ್ಟೋಬರ್‌ನಲ್ಲೂ 90, ದೀಪಾವಳಿಗೂ 90, ಸಂಕ್ರಾಂತಿ ಎಳ್ಳು ಬೀರುವಾಗಲೂ 90. ಏನಾದರೂ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಎರಡು ದಿನ. ಎದುರಿಗೆ ಕೂತ ಹುಡುಗನಿಗೆ ಕೋಡ್ ಬಗ್ಗೆ ಕೇಳಿದರೆ "ಟೀಮ್ ಹತ್ರ ಚೆಕ್ ಮಾಡಿ ಹೇಳ್ತೀನಿ ಮೇಡಂ". ಆಮೇಲೆ ಗೊತ್ತಾಯಿತು, ಟೀಮ್ ಅನ್ನುವುದು ಅಲ್ಲಿ ಇರಲೇ ಇಲ್ಲ. ಅವರು ಕೆಲಸ ತೆಗೆದುಕೊಂಡು ಬೇರೆ ಊರಿನ ಒಬ್ಬ ಹುಡುಗನಿಗೆ ಒಳಗುತ್ತಿಗೆ ಕೊಟ್ಟಿದ್ದರು. ಅವನು ಬೇರೆ ಕಡೆ ಹಗಲು ಕೆಲಸ ಮಾಡಿ ರಾತ್ರಿ ನಮ್ಮದನ್ನು ಮಾಡುತ್ತಿದ್ದ. ಪಾಪ, ಅವನಿಗೆ ಟೊಮೆಟೊ ಸಸಿ ಅಂದರೆ ಕುಂಡದಲ್ಲಿ ಬರುತ್ತದೆ ಅನ್ನುವ ಕಲ್ಪನೆ.

ಇಲ್ಲಿ ಮನೆ ಕಟ್ಟಿಸಿದವರಿಗೆ ಇದು ಹೊಸದಲ್ಲ. ಚದರಕ್ಕೆ ಇಷ್ಟು ಅಂತ ಮಾತಾಡಿ ಪೂರ್ತಿ ಗುತ್ತಿಗೆ ಕೊಟ್ಟರೆ ಮೇಸ್ತ್ರಿ ಬೇಗ ಮುಗಿಸಲು ನೋಡುತ್ತಾನೆ, ಸಿಮೆಂಟ್ ಉಳಿಸಲು ನೋಡುತ್ತಾನೆ. ದಿನಗೂಲಿಗೆ ಕರೆದರೆ ಕೆಲಸ ಚೆನ್ನಾಗಿರುತ್ತದೆ, ಆದರೆ ಮುಗಿಯುವುದಿಲ್ಲ. ಸಾಫ್ಟ್‌ವೇರ್‌ನಲ್ಲೂ ಅದೇ ಎರಡು ದಾರಿ. ಫಿಕ್ಸೆಡ್ ಪ್ರೈಸ್, ಇಲ್ಲ ಗಂಟೆ ಲೆಕ್ಕ. ಫಿಕ್ಸೆಡ್ ಪ್ರೈಸ್‌ನಲ್ಲಿ ಏನು ಮಾಡಬೇಕು ಅನ್ನುವುದು ಕಾಗದದ ಮೇಲೆ ಗಟ್ಟಿಯಾಗಿ ಇರಬೇಕು. ಇಲ್ಲದಿದ್ದರೆ ಪ್ರತಿಯೊಂದಕ್ಕೂ "ಇದು ಸ್ಕೋಪ್‌ನಲ್ಲಿ ಇಲ್ಲ, ಚೇಂಜ್ ರಿಕ್ವೆಸ್ಟ್ ಆಗುತ್ತೆ" ಅಂತ ಬಿಲ್ ಬರುತ್ತದೆ. ನಮಗೆ ಹಾಗೆ ಬಂದದ್ದು ಒಂಬತ್ತು. ಮೂರು ಲಕ್ಷ ಅಂದದ್ದು ನಾಲ್ಕೂ ಮುಕ್ಕಾಲಕ್ಕೆ ಹೋಯಿತು. ಮನೆಗೂ ಆ್ಯಪ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ ಅನ್ನಿ. ಗೋಡೆ ಸೊಟ್ಟ ಇದ್ದರೆ ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ. ಕೋಡ್ ಸೊಟ್ಟ ಇದ್ದರೆ ಯಾರಿಗೂ ಕಾಣುವುದಿಲ್ಲ, ಒಂದು ದಿನ ಛಾವಣಿ ಬೀಳುವವರೆಗೆ.

ದುಡ್ಡು ಕೊಟ್ಟ ರೀತಿಯಂತೂ ಇನ್ನೂ ದಡ್ಡತನ. ಶುರುವಿಗೆ ಅರ್ಧ, ಡಿಸೈನ್ ಮುಗಿದಾಗ ಶೇಕಡಾ 30, ಕೊನೆಗೆ 20. ಡಿಸೈನ್ ಅಂದರೆ ಬರೀ ಚಿತ್ರ. ಹಸಿರು ಬಣ್ಣ, ಎಲೆಯ ಲೋಗೋ, ನೋಡಲು ಬಲು ಚೆಂದ. ಚಿತ್ರ ನೋಡಿ 80 ಭಾಗ ದುಡ್ಡು ಕೊಟ್ಟುಬಿಟ್ಟೆವು. ಉಳಿದ 20 ಭಾಗಕ್ಕೆ ಅವರಿಗೆ ಉಳಿದಿದ್ದದ್ದು ಪೂರ್ತಿ ಕೆಲಸ. ಯಾರು ಮಾಡ್ತಾರೆ ಹೇಳಿ? ಮದುವೆಗೆ ಮೊದಲೇ ಪೂರ್ತಿ ದುಡ್ಡು ಕೊಟ್ಟರೆ ಅಡುಗೆ ಭಟ್ಟರೂ ಒಗ್ಗರಣೆಗೆ ಇಂಗು ಹಾಕುವುದನ್ನು ಮರೆಯುತ್ತಾರೆ.

ಹೀಗೆ ಎಂಟು ತಿಂಗಳು ಹೋಯಿತು. ಅಷ್ಟರಲ್ಲಿ ಟೊಮೆಟೊ ಬೆಲೆ ಯಾವಾಗಲೋ ಬಿದ್ದು, ಮಾವನ ಫೋನು ತಣ್ಣಗಾಗಿತ್ತು. "ಈಗ ಬುಕ್ಕಿಂಗೇ ಇಲ್ಲ, ಆ್ಯಪ್ ಯಾಕಮ್ಮಾ" ಅಂತ ಅತ್ತೆ ನಕ್ಕರು. ಆ ಕಂಪನಿಯ ಸಹವಾಸ ಸಾಕು ಅಂತ ನಿಲ್ಲಿಸಿದೆವು. ಆಮೇಲೆ ಶುರುವಾಯಿತು ಇನ್ನೊಂದು ರಗಳೆ. ನಮ್ಮದು ಅಂದುಕೊಂಡಿದ್ದು ಯಾವುದೂ ನಮ್ಮದಾಗಿರಲಿಲ್ಲ.

ಕೋಡ್ ಅವರ ಖಾತೆಯಲ್ಲಿ. ಡೊಮೈನ್ ಹೆಸರು ಅವರ ಮ್ಯಾನೇಜರನ ಸ್ವಂತ ಈಮೇಲ್‌ನಲ್ಲಿ ತೆಗೆದದ್ದು. ಕ್ಲೌಡ್ ಸರ್ವರ್ ಬಿಲ್ ಅವರ ಕಾರ್ಡ್‌ನಲ್ಲಿ. ಪ್ಲೇಸ್ಟೋರ್‌ನಲ್ಲಿ ಆ್ಯಪ್ ಇದ್ದದ್ದು ಅವರ ಡೆವಲಪರ್ ಅಕೌಂಟ್‌ನಲ್ಲಿ. ಆ ಅಕೌಂಟ್‌ಗೆ ಒಂದೇ ಸಲ 25 ಡಾಲರ್, ಅಷ್ಟೇ ಖರ್ಚು. ಅದನ್ನು ನಾವೇ ಮಾಡಿಕೊಳ್ಳದೆ "ನೀವೇ ಹಾಕಿಬಿಡಿ" ಅಂದಿದ್ದೆ. ಒಂದು ಅಕೌಂಟ್‌ನಿಂದ ಇನ್ನೊಂದಕ್ಕೆ ಆ್ಯಪ್ ವರ್ಗಾಯಿಸಲು ಆಗುತ್ತದೆ, ಆದರೆ ಹಳೆಯ ಅಕೌಂಟಿನವರು ಒಪ್ಪಿ ಕಳಿಸಬೇಕು. ಅವರು ಒಪ್ಪದಿದ್ದರೆ ಹೊಸ ಹೆಸರಿನ ಪ್ಯಾಕೇಜ್ ಮಾಡಿ ಮತ್ತೆ ಹಾಕಬೇಕು, ಹಳೆಯದನ್ನು ಇಳಿಸಿಕೊಂಡವರೆಲ್ಲ ಹೊಸದನ್ನು ಮತ್ತೆ ಇಳಿಸಿಕೊಳ್ಳಬೇಕು. ನಮ್ಮಲ್ಲಿ ಇಳಿಸಿಕೊಂಡವರು ಹನ್ನೊಂದು ಜನ, ಅದರಲ್ಲಿ ಏಳು ನೆಂಟರು. ಹಾಗಾಗಿ ಬಚಾವ್.

ದುಡ್ಡು ಕೊಟ್ಟಿದ್ದೇವೆ, ಕೋಡ್ ನಮ್ಮದೇ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಕೋಲಾರದ ಕೋರ್ಟ್ ಹತ್ತಿರ ಆಫೀಸ್ ಇಟ್ಟಿರುವ ಪರಿಚಯದ ವಕೀಲರನ್ನು ಕೇಳಿದರೆ ಅವರು 1957ರ ಕೃತಿಸ್ವಾಮ್ಯ ಕಾಯ್ದೆ ತೆಗೆದು ತೋರಿಸಿದರು. ಕಂಪ್ಯೂಟರ್ ಪ್ರೋಗ್ರಾಂ ಅನ್ನು ಆ ಕಾಯ್ದೆ ಸಾಹಿತ್ಯ ಕೃತಿ ಅಂತ ಎಣಿಸುತ್ತದೆ. ಕವನ ಎಲ್ಲಿದೆಯೋ ಅದೇ ಸಾಲಿನಲ್ಲಿ ನಮ್ಮ ಟ್ರೇ ಲೆಕ್ಕದ ಕೋಡ್. ಕೃತಿ ಬರೆದವರು ಅದರ ಮೊದಲ ಒಡೆಯರು. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಅದು ಮಾಲೀಕರದ್ದು. ಆದರೆ ಹೊರಗಿನ ಗುತ್ತಿಗೆದಾರ ನಮ್ಮ ನೌಕರ ಅಲ್ಲ. ಅವನಿಂದ ಹಕ್ಕು ನಮಗೆ ಬರಬೇಕಾದರೆ ಬರಹದಲ್ಲಿ ವರ್ಗಾಯಿಸಿ ಸಹಿ ಹಾಕಿರಬೇಕು. ಅದರಲ್ಲೂ 19ನೇ ಸೆಕ್ಷನ್ ಒಂದು ಮಜಾ ಇಟ್ಟಿದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದ ಒಳಗೆ ಮಾತ್ರ ಅಂತ ಲೆಕ್ಕ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಥರ ಬರೆದುಕೊಂಡಿರದಿದ್ದರೆ, ಅದು ಬಿದ್ದೇ ಹೋಗುತ್ತದೆ. ನಮ್ಮ 43 ಪುಟದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ, ವಕೀಲರು ಮಾತ್ರ ಟೀ ತರಿಸಿ ಚೆನ್ನಾಗಿ ನಕ್ಕರು.

ಎರಡನೇ ಸಲ ಬೇರೆಯವರನ್ನು ಹುಡುಕಿದೆ. ಇವರೂ ಬೆಂಗಳೂರಿನವರೇ, ಆರು ಜನರ ತಂಡ. ಮೊದಲ ಮಾತಿಗೇ ಅವರಲ್ಲಿ ಒಬ್ಬ ಹುಡುಗಿ "ಮೇಡಂ, ನಿಮ್ಮ ಕಡೆಯಿಂದ ಹೌದು ಇಲ್ಲ ಹೇಳೋರು ಯಾರು? ನೀವಾ, ನಿಮ್ಮ ಮಾವನಾ?" ಅಂತ ಕೇಳಿದಳು. ಹನ್ನೆರಡು ವರ್ಷದಲ್ಲಿ ನಾನು ಯಾವ ಕ್ಲೈಂಟ್‌ಗೂ ಕೇಳದ ಪ್ರಶ್ನೆ. ಕೇಳಬೇಕಿತ್ತು. ಯಾಕಂದ್ರೆ ಮೊದಲ ಸಲ ಹೌದು ಅಂದದ್ದು ನಾನು, ಇಲ್ಲ ಅಂದದ್ದು ಮಾವ, ನಡುವೆ ಅತ್ತೆ ಫೋನ್ ಮಾಡಿ "ಅಕ್ಷರ ಸ್ವಲ್ಪ ದೊಡ್ಡದು ಮಾಡಿ" ಅಂದದ್ದು. ಕಂಪನಿಯವರು ಒಮ್ಮೆ ಬೀಜದ ಬಗ್ಗೆ ಒಂದು ಪ್ರಶ್ನೆ ಕಳಿಸಿ ಹನ್ನೊಂದು ದಿನ ಕಾದಿದ್ದರು. ಮಾವ ಯಾವುದೋ ಮದುವೆ ಓಡಾಟದಲ್ಲಿದ್ದರು, ನಾನು ಜ್ಞಾಪಿಸಲಿಲ್ಲ. ಆ ಹನ್ನೊಂದು ದಿನ ಆ ಹುಡುಗ ಸುಮ್ನೆ ಕೂರಲಿಲ್ಲ, ತನಗೆ ತೋಚಿದ್ದನ್ನು ಬರೆದ. ಉತ್ತರ ಸಿಗದಿದ್ದರೆ ಯಾರೇ ಆಗಲಿ ಅದನ್ನೇ ಮಾಡುವುದು, ನಾನೂ ಮಾಡಿದ್ದೇನೆ. ಆ ಗೋಡೌನ್‌ನ ಎಷ್ಟು ನಿಯಮಗಳನ್ನು ನಾನೇ ಊಹಿಸಿ ಬರೆದೆನೋ ದೇವರಿಗೇ ಗೊತ್ತು.

ಅವಳಿಗೆ "ನಾನೇ" ಅಂದೆ. ಮಾವನಿಗೂ ಅದನ್ನೇ ಹೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು, ನರ್ಸರಿ ಅವರದ್ದಲ್ವಾ. ಆದರೆ ಒಪ್ಪಿದರು. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಸಂಜೆಯೊಳಗೆ ನಾನು ಉತ್ತರ ಕೊಡಬೇಕು, ಗೊತ್ತಿಲ್ಲದಿದ್ದರೆ ಸ್ಕೂಟರ್ ತೆಗೆದು ನರ್ಸರಿಗೆ ಹೋಗಿ ಕೇಳಿ ಬರಬೇಕು. ಹೊರಗೆ ಕೊಟ್ಟ ಕೆಲಸಕ್ಕೆ ನಮ್ಮ ಕಡೆ ಒಬ್ಬರ ಅರ್ಧ ದಿನ ಬೇಕೇ ಬೇಕು. ಕೊಟ್ಟಾಯ್ತು, ಇನ್ನು ನಮಗೇನು ಅನ್ನುವವರು ಆ ಮೂರು ಲಕ್ಷವನ್ನು ಚೀಟಿಗಾದರೂ ಕಟ್ಟಬಹುದು.

ಈ ಸಲ 43 ಪುಟ ಬರೆಯಲಿಲ್ಲ. ಮಾವನ ಹಳೆಯ ನೋಟ್‌ಬುಕ್ ತೆಗೆದು ನಿಜವಾಗಿ ನಡೆದ ಮೂವತ್ತು ಸಂಗತಿ ಆರಿಸಿದೆ. ಹೀಗೆ. ಮುಳಬಾಗಿಲು ಕಡೆಯ ರೈತರೊಬ್ಬರು ತಾವೇ ಬೀಜದ ಪ್ಯಾಕೆಟ್ ತಂದು "ಬೀಜ ನಮ್ದು, ಸಸಿ ಮಾಡಿಕೊಡಿ" ಅಂದರು, ಅವರಿಗೆ ಕೂಲಿ ಮಾತ್ರ, ಬೀಜದ ದುಡ್ಡಿಲ್ಲ. ಇನ್ನೊಬ್ಬರು 8,000 ಹೇಳಿ ಮುಂಗಡ ಕೊಟ್ಟು ಹತ್ತು ದಿನಕ್ಕೆ 5,000 ಸಾಕು ಅಂದರು, ಉಳಿದ 3,000 ಆಗಲೇ ಮೊಳೆತಿತ್ತು. ಮತ್ತೊಬ್ಬರು ಮಳೆ ಬಂದು ಹೊಲ ಹದ ಇಲ್ಲ ಅಂತ 25ನೇ ದಿನ ಬರುವ ಬದಲು 34ನೇ ದಿನ ಬಂದರು, ಸಸಿ ಉದ್ದಕ್ಕೆ ಬೆಳೆದು ಬಾಗಿತ್ತು, ಅರ್ಧ ರೇಟಿಗೆ ಕೊಟ್ಟೆವು. ಒಬ್ಬರ ಗಿಡಗಳಿಗೆ ರೋಗ ಬಂತು, ಅದೇ ಬೀಜದ ಲಾಟ್ ಇನ್ಯಾರಿಗೆ ಹೋಗಿದೆ ಅಂತ ಹುಡುಕಲು ಎರಡು ದಿನ ಹಿಡಿಯಿತು. ಪ್ರತಿಯೊಂದರ ಕೆಳಗೆ ಮಾವ ಏನು ಮಾಡಿದರು, ಲೆಕ್ಕ ಎಷ್ಟಾಯಿತು ಅಂತ ಬರೆದೆ. ತಂಡಕ್ಕೆ ಹೇಳಿದ್ದು ಇಷ್ಟೇ: ಈ ಮೂವತ್ತನ್ನೂ ಆ್ಯಪ್‌ನಲ್ಲಿ ಹಾಕಿದರೆ ನೋಟ್‌ಬುಕ್‌ನ ಉತ್ತರವೇ ಬರಬೇಕು. ಬಂದರೆ ಮುಗಿಯಿತು, ಬರದಿದ್ದರೆ ಇಲ್ಲ. ಶೇಕಡಾ ತೊಂಬತ್ತು ಅನ್ನುವ ಮಾತೇ ಆಮೇಲೆ ಬರಲಿಲ್ಲ. ಮೂವತ್ತರಲ್ಲಿ ಹನ್ನೆರಡು ಆಯ್ತು, ಹದಿನೇಳು ಆಯ್ತು, ಹಾಗೆ ಎಣಿಸಿದೆವು.

ದುಡ್ಡನ್ನೂ ಹಾಗೇ ಕಟ್ಟಿದೆ. ಮುಂಗಡ ಶೇಕಡಾ 15. ನರ್ಸರಿಯಲ್ಲಿ ನಿಜವಾಗಿ ಬಳಸಲು ಬರುವ ಒಂದೊಂದು ತುಂಡಿಗೆ ಒಂದೊಂದು ಕಂತು. ಕೊನೆಯ ಹತ್ತು ಭಾಗ ಮೂರು ತಿಂಗಳು ಹಿಡಿದಿಟ್ಟು ಕೊಡುವುದು. ಅವರ ಇನ್‌ವಾಯ್ಸ್ ಬಂದ ವಾರದಲ್ಲೇ ದುಡ್ಡು ಹಾಕುತ್ತೇನೆ ಅಂತ ನಾನೂ ಮಾತು ಕೊಟ್ಟೆ, ನಡೆಸಿಕೊಂಡೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸಣ್ಣ ಕಂಪನಿಗಳು ಒಳ್ಳೆಯ ಹುಡುಗರನ್ನು ಹಾಕುವುದು ಸರಿಯಾಗಿ ದುಡ್ಡು ಕೊಡುವವರ ಕೆಲಸಕ್ಕೆ. ಸತಾಯಿಸುವವರ ಕೆಲಸಕ್ಕೆ ನಿನ್ನೆ ಸೇರಿದವನನ್ನು ಹಾಕುತ್ತಾರೆ. ನಾನು ಆ ಕಡೆ ಇದ್ದಾಗ ನಮ್ಮಲ್ಲೂ ಅದೇ ನಡೆಯುತ್ತಿತ್ತು.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ದಿನದ ಭೇಟಿ. ಆ ಹುಡುಗಿ, ಜೊತೆಗೆ ಇಬ್ಬರು ಹುಡುಗರು, ಡಿಸೆಂಬರ್‌ನ ಒಂದು ಬೆಳಿಗ್ಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕೋಲಾರಕ್ಕೆ ಬಂದರು. ಬರಲು ಮನಸ್ಸಿರಲಿಲ್ಲ, ವಿಡಿಯೋ ಕಾಲ್‌ನಲ್ಲೇ ನೋಡ್ತೀವಿ ಅಂದಿದ್ದರು. ನಾನು ಬಿಡಲಿಲ್ಲ, ಬಸ್ ಚಾರ್ಜೂ ಆ ದಿನದ ಕೂಲಿಯೂ ನಾವೇ ಕೊಡ್ತೀವಿ ಅಂದೆ. ಶೇಡ್‌ನೆಟ್ ಒಳಗೆ ಹೋದ ಹತ್ತು ನಿಮಿಷಕ್ಕೆ ಅವರು ಬರೆದಿಟ್ಟಿದ್ದ ಅರ್ಧ ಆ್ಯಪ್ ಕೆಲಸಕ್ಕೆ ಬಾರದ್ದು ಅಂತ ಅವರಿಗೇ ಗೊತ್ತಾಯಿತು. ಟ್ರೇ ಎಣಿಸುವ ಹೆಂಗಸರ ಕೈ ಪೂರ್ತಿ ಒದ್ದೆ, ಕೋಕೊಪೀಟ್ ಮೆತ್ತಿರುತ್ತದೆ, ಸಣ್ಣ ಬಟನ್ ಒತ್ತಲು ಆಗುವುದಿಲ್ಲ. ಹೊರಗೆ ಬಂದರೆ ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ, ಅವರ ತಿಳಿ ಹಸಿರು ಅಕ್ಷರವಂತೂ ಮಾಯ. ಒಳಗೆ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ಪುಣ್ಯ. ಒಬ್ಬ ಹುಡುಗ ಫೋನ್ ಮೇಲೆತ್ತಿ ಹಿಡಿದುಕೊಂಡು ಮೂಲೆ ಮೂಲೆ ಸುತ್ತಿದ, ಕೊನೆಗೆ "ಆಫ್‌ಲೈನ್ ಬೇಕು" ಅಂತ ತನಗೆ ತಾನೇ ಹೇಳಿಕೊಂಡ. ಹೆಂಗಸರು ಒಂದೊಂದೇ ಟ್ರೇ ಎಣಿಸುವುದಿಲ್ಲ, ಸಾಲು ಎಣಿಸುತ್ತಾರೆ. ಆಂಧ್ರದ ಗಡಿ ಕಡೆಯಿಂದ ಬರುವ ರೈತರು ಸಸಿ ಅನ್ನುವುದಿಲ್ಲ, ತೆಲುಗಿನಲ್ಲಿ ನಾರು ಅನ್ನುತ್ತಾರೆ, ಅದಕ್ಕೇ ಟಿಪ್ಪಣಿಯಲ್ಲಿ "ನಾರು 50 ಟ್ರೇ" ಅಂತ ಇರುತ್ತದೆ, ಸಸಿ ಅಂತ ಹುಡುಕಿದರೆ ಅದು ಸಿಗುವುದಿಲ್ಲ. ಇದ್ಯಾವುದನ್ನೂ ನಾನು ಕಾಗದದಲ್ಲಿ ಬರೆಯುತ್ತಿರಲಿಲ್ಲ, ಯಾಕಂದ್ರೆ ನನಗೆ ಇದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮಧ್ಯಾಹ್ನ ಅತ್ತೆ ರಾಗಿಮುದ್ದೆ, ಅವರೆಕಾಯಿ ಸಾರು ಮಾಡಿದ್ದರು. ಅವರೆ ಸೀಸನ್ ಅಲ್ವಾ. ಉತ್ತರ ಭಾರತದ ಹುಡುಗ ಮುದ್ದೆ ಅಗಿಯಲು ಹೋದ, ಮಾವ ನುಂಗೋದು ಹೇಗೆ ಅಂತ ತೋರಿಸಿಕೊಟ್ಟರು. ಆ ಊಟದ ಆಮೇಲೆ ಮಾವನಿಗೂ ಅವರ ಮೇಲೆ ಅನುಮಾನ ಹೋಯಿತು. ಅವನು ನೇರವಾಗಿ ಮಾವನಿಗೇ ವಾಟ್ಸ್ಆ್ಯಪ್ ಮಾಡತೊಡಗಿದ, ನಾನು ಅದನ್ನು ನಿಲ್ಲಿಸಬೇಕಾಯಿತು, ಹೌದು ಇಲ್ಲ ಅನ್ನುವ ಬಾಯಿ ಮತ್ತೆ ಎರಡಾಗುತ್ತಿತ್ತು.

ಕನ್ನಡದ ಕಥೆಯನ್ನು ಬೇರೆಯಾಗಿಯೇ ಹೇಳಬೇಕು. ಮಾಡುವವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಅನ್ನುತ್ತಾರೆ, ಕನ್ನಡ ಹಾಕಿದ ಕೂಡಲೇ ಬಣ್ಣ ಬಯಲು. ಸಸಿ ರೆಡಿ ಇದೆ ಅಂತ ರೈತರಿಗೆ ಎಸ್ಎಂಎಸ್ ಹೋಗಬೇಕಿತ್ತು. ಒಂದು ಇಂಗ್ಲಿಷ್ ಎಸ್ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡಕ್ಕೆ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರ ಅಲ್ಲ, ಕಂಪ್ಯೂಟರ್ ಎಣಿಸುವ ಅಕ್ಷರ. ಕೃಷ್ಣಪ್ಪ ಅಂದರೆ ನಮಗೆ ಮೂರಕ್ಷರ. ಕಂಪ್ಯೂಟರ್‌ಗೆ ಎಂಟು, ವಟ್ರಸುಳಿ ಒಂದು, ಒತ್ತು ಬಂದಾಗಲೆಲ್ಲ ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ ಬೇರೆ ಒಂದು. ಮೊದಲ ಕಂಪನಿಯವರು ರವಿ ಅನ್ನುವ ಹೆಸರಿಟ್ಟು ಪರೀಕ್ಷೆ ಮಾಡಿದ್ದರು, ಮೂರೇ. ನಮ್ಮ ರೈತರ ಹೆಸರು ವೆಂಕಟರಾಮಾರೆಡ್ಡಿ, ಹದಿನೈದು. 70 ದಾಟಿದರೆ ಮೆಸೇಜ್ ಎರಡಾಗುತ್ತದೆ, ಆಗ ಒಂದೊಂದರಲ್ಲಿ 67 ಮಾತ್ರ, ಬಿಲ್ ಎರಡರಷ್ಟು. ಈ ಸಲ ನಾನು ಮೂವತ್ತು ಸಂಗತಿಗಳಲ್ಲಿ ಬೇಕೆಂದೇ ನಮ್ಮ ಪಟ್ಟಿಯ ಅತಿ ಉದ್ದದ ಹೆಸರುಗಳನ್ನು ಹಾಕಿದೆ.

ರಸೀದಿ ಪ್ರಿಂಟರ್ ಇನ್ನೊಂದು ತಲೆನೋವು. ಬ್ಲೂಟೂತ್‌ನ ಸಣ್ಣ ಥರ್ಮಲ್ ಪ್ರಿಂಟರ್ ತಂದಿದ್ದೆವು, ಅದರ ಹೊಟ್ಟೆಯಲ್ಲಿ ಕನ್ನಡ ಅಕ್ಷರವೇ ಇಲ್ಲ. ಕನ್ನಡ ಕಳಿಸಿದರೆ ಉದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ಅಕ್ಷರವನ್ನು ಚಿತ್ರವಾಗಿ ಮಾಡಿ ಕಳಿಸಬೇಕು, ಸ್ವಲ್ಪ ನಿಧಾನ ಆಗುತ್ತದೆ, ಆದರೆ ಬರುತ್ತದೆ. ಮಾವನ ಹಳೆಯ ಕಂಪ್ಯೂಟರ್‌ನಲ್ಲಿ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದ ರೈತರ ಪಟ್ಟಿ ಇತ್ತು. ಅದನ್ನು ಈಗಿನ ಫೋನು, ಕಂಪ್ಯೂಟರ್‌ಗಳೆಲ್ಲ ಓದುವ ಯೂನಿಕೋಡ್‌ಗೆ ತಿರುಗಿಸಿದಾಗ ಅರ್ಕಾವತ್ತು ಇರುವ ಹೆಸರುಗಳೆಲ್ಲ ಕುಲಗೆಟ್ಟು ಹೋದವು. ಸೂರ್ಯನಾರಾಯಣರನ್ನು ಅತ್ತೆ ಮತ್ತು ನಾನು ಎರಡು ಸಂಜೆ ಕೂತು ಕೈಯಲ್ಲೇ ಸರಿ ಮಾಡಿದೆವು. ಕೆಲವು ಕೆಲಸ ಯಾರಿಗೂ ಕೊಡಲು ಆಗುವುದಿಲ್ಲ.

ಕರಾರು ಈ ಸಲ ವಕೀಲರೇ ಬರೆದರು, ನಾಲ್ಕೇ ಪುಟ. ಹಕ್ಕು ಪೂರ್ತಿ ನಮಗೆ, ಅದರ ಅವಧಿ ಮುಗಿಯುವವರೆಗೆ, ಪ್ರಪಂಚದ ಎಲ್ಲ ಕಡೆ, ನಾವು ಬಳಸದಿದ್ದರೂ ಸರಿ. ಒಳಗುತ್ತಿಗೆ ಕೊಡಬೇಕಾದರೆ ನಮ್ಮನ್ನು ಕೇಳಬೇಕು. ಎಲ್ಲ ಖಾತೆ ಮಾವನ ಹೆಸರಿನಲ್ಲಿ, ಕೋಡ್ ಪ್ರತಿದಿನ ನಮ್ಮ ಖಾತೆಗೆ ಬಂದು ಬೀಳಬೇಕು. ತಿಂಗಳಿಗೊಮ್ಮೆ ನಾನು ಅದನ್ನು ಇಳಿಸಿಕೊಂಡು ಬೇರೊಂದು ಕಂಪ್ಯೂಟರ್‌ನಲ್ಲಿ ಮೊದಲಿಂದ ಕಟ್ಟಿ ಓಡುತ್ತದಾ ಅಂತ ನೋಡುತ್ತೇನೆ. ಎರಡು ಸಲ ಓಡಿರಲಿಲ್ಲ. ಹೇಳಿದೆ, ಸರಿ ಮಾಡಿದರು.

ಒಂದೂವರೆ ವರ್ಷದಿಂದ ಆ್ಯಪ್ ನಡೆಯುತ್ತಿದೆ. ಮೂವತ್ತರಲ್ಲಿ ಇಪ್ಪತ್ತೆಂಟು ಸರಿ ಬರುತ್ತವೆ. ಉಳಿದ ಎರಡರಲ್ಲಿ ಒಂದು, ಮಾವ ಚೌಕಾಸಿ ಮಾಡುವವರಿಗೆ 105ರ ಬದಲು 103 ಟ್ರೇ ಕೊಡುತ್ತಾರೆ, ಅದನ್ನು ಆ್ಯಪ್‌ನಲ್ಲಿ ಹಾಕಬೇಡ ಅಂತ ಅವರೇ ಹೇಳಿದರು. ಇನ್ನೊಂದು, ಸಾಲ ಹೇಳುವವರ ಲೆಕ್ಕ. ಅದು ಅತ್ತೆಯ ನೋಟ್‌ಬುಕ್‌ನಲ್ಲೇ ಇದೆ, ಅವರು ಯಾರಿಗೂ ತೋರಿಸುವುದಿಲ್ಲ.

ಮುದ್ದೆ ಅಗಿದ ಹುಡುಗ ಕಳೆದ ತಿಂಗಳು ಕೆಲಸ ಬಿಟ್ಟ, ದೊಡ್ಡ ಕಂಪನಿಗೆ ಸೇರಿದನಂತೆ. ಅವನ ಜಾಗಕ್ಕೆ ಹೊಸಬ ಬಂದಿದ್ದಾನೆ. ಮೊನ್ನೆ ಬುಧವಾರದ ಕಾಲ್‌ನಲ್ಲಿ ಕ್ಯಾಪ್ಸಿಕಂ ಲೆಕ್ಕ ಹೇಳಿ "ಅರ್ಥ ಆಯ್ತಾ" ಅಂದೆ. "ಯೆಸ್ ಮೇಡಂ" ಅಂದ. ಆ ಯೆಸ್ ನನಗೆ ಚೆನ್ನಾಗಿ ಗೊತ್ತು. ಸೋಮವಾರ ಬೆಳಿಗ್ಗೆ ಬಸ್ ಹತ್ತಿ ಬಾ ಅಂದಿದ್ದೇನೆ, ಅತ್ತೆಗೆ ಒಂದು ಮುದ್ದೆ ಜಾಸ್ತಿ ಮಾಡಿ ಅಂತ ಹೇಳಿಟ್ಟಿದ್ದೇನೆ.